ಪಾತ್ರ ಆರಿಸಿ ಸುಮ್ಮನಾಗುವ ಮುನೀಂದ್ರ

ಗಣಿ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಕೋರಮಂಡಲ್‌ನ ಲೈನ್ ಮನೆಗಳಲ್ಲಿ ಕೊನೆಯದು ಮುನೀಂದ್ರನದು. ಮದುವೆಯಿಲ್ಲ, ಅಪ್ಪನ ಹಿಂದೆ ತಾಯಿಯೂ ತೀರಿಕೊಂಡ ಮೇಲೆ ಒಬ್ಬನೇ. ಏನು ಕೆಲಸವೆಂದು ಬಂಗಾರಪೇಟೆಯ ನೆಂಟರು ಕೇಳಿದರೆ ‘ಕಂಪ್ಯೂಟರಿನಲ್ಲಿ’ ಎಂದು ಮಾತು ಮುಗಿಸುತ್ತಾನೆ. ಬಿಡಿಸಿ ಹೇಳಿದರೂ ಅವರ ತಲೆಗೆ ಹತ್ತುವುದಿಲ್ಲ. ಅವನಪ್ಪನ ಜೊತೆ ಗಣಿಯಲ್ಲಿ ದುಡಿದ ನಾನು ಶಾಲೆಯ ಮೆಟ್ಟಿಲು ತುಳಿಯದೆ ಅಕ್ಷರ ಕಲಿತವನು. ಇದನ್ನೂ ಅವನ ಪಕ್ಕ ಪಟ್ಟಾಗಿ ಕೂತು ಕಲಿತೆ.

ಐದೈದು ಜನರ ಎರಡು ತಂಡ ಪರದೆಯ ಮೇಲೆ ಕಾದಾಡುವ ಆಟ. ಕಾದಾಟಕ್ಕೆ ಮೊದಲು ಎರಡೂ ಕಡೆಯವರು ಸರದಿಯಂತೆ ಪಾತ್ರ ಆರಿಸಬೇಕು. ಬಿಲ್ಲಿನವಳು, ಗುರಾಣಿಯವನು, ಗಾಯ ಮಾಯಿಸುವ ಮುದುಕಿ, ಹೀಗೆ ಒಂದು ಸಂತೆಯಷ್ಟು. ಒಬ್ಬರು ಹಿಡಿದದ್ದು ಇನ್ನೊಬ್ಬರಿಗಿಲ್ಲ. ಎದುರಾಳಿಗಳ ಹಳೆಯ ಪಂದ್ಯಗಳನ್ನು ಜಾಲಾಡಿ, ಯಾರು ಯಾವಾಗ ಯಾರನ್ನು ಹಿಡಿಯುತ್ತಾರೆ, ಯಾಕೆ, ಎಂದು ತನ್ನ ತಂಡಕ್ಕೆ ಹೇಳುವುದು ಮುನೀಂದ್ರನ ಕೆಲಸ.

“ಫೈನಲ್ಲಲ್ಲಿ ಆ ಕಡೆ ಚಲಪತಿ ಅಂತ ಒಬ್ಬವ್ನೆ, ಮಾವ. ಸೋಲೋ ಭಯ ಬಂತು ಅಂದ್ರೆ ಬಿಲ್ಲಿನೋಳನ್ನೇ ಇಡೀತಾನೆ. ದೂರ ನಿಂತ್ಕಂಡು ಬಾಣ ಬಿಡೋ ಪೈಕಿ. ಅದಕ್ಕೇ ನಮ್ ನವ್ಯಂಗೆ ಗುರಾಣಿಯೋನು ಬೇಕು.”

ನವ್ಯ ಬೆಂಗಳೂರಿನ ಹುಡುಗಿ, ತಂಡದ ನಾಯಕಿ. ಅಲ್ಲಿ ಒಂದೇ ಕೋಣೆಯಲ್ಲಿ ಕೂತು ಆಡುವ ಆ ಐವರ ಮುಖವನ್ನು ಇವನು ಎದುರಿಗೆ ಕಂಡವನಲ್ಲ. ಆದರೆ ನನ್ನದು ಬಿಟ್ಟರೆ ಆ ಮನೆಯೊಳಗೆ ದಿನವೂ ಕೇಳುವ ಮನುಷ್ಯರ ದನಿ ಅವರದೊಂದೇ.

ಫೈನಲ್ಲಿಗೆ ಮುಂಚೆ ನವ್ಯಳ ಫೋನು ಬಂತು.

“ಪಾತ್ರ ಆರಿಸಿ ಕೊಟ್ಟು ಮಾಯ ಆಗ್ತೀರ. ಗೆದ್ರೂ ಮಾತಿಲ್ಲ, ಸೋತ್ರೂ ಮಾತಿಲ್ಲ. ಹಿಂಗೇ ಆದ್ರೆ ನಾವು ಬೇರೆಯವರನ್ನ ನೋಡ್ಕೋತೀವಿ.”

ಮುನೀಂದ್ರ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ.

“ಯಾಕ್ಲಾ ಅಂಗ್ ಮಾಡ್ತೀಯ?” ಎಂದೆ.

“ಇಳಿಸಿದ್ಮೇಲೆ ಮಾತಾಡ್ಬಾರ್ದು ಅಂತ ಅಪ್ಪ ಏಳ್ತಿದ್ದ, ಮಾವ.”

ಇವನಪ್ಪ ಮುನಿಸ್ವಾಮಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದ. ನಮ್ಮನ್ನು ತುಂಬಿಕೊಂಡ ಕೇಜನ್ನು ಗಣಿಗೆ ಇಳಿಸಿ ಎತ್ತುವವನು. ಮೇಲೆ ಒಬ್ಬನೇ, ಕೆಳಗಿನವರ ಗಂಟೆಯ ಸದ್ದಷ್ಟೇ ಅವನಿಗೆ ಜೊತೆ. ಲಿವರಿಗೆ ಕೈಹಾಕಿದವನು ಮಾತಾಡಕೂಡದು, ಅವನನ್ನು ಯಾರೂ ಮಾತಾಡಿಸಕೂಡದು. ಗಮನ ತಪ್ಪಿದರೆ ಕೇಜಿನ ತುಂಬ ಹೆಣ.

“ಅರ್ಧ ಕಲ್ತಿದೀಯ ಕಣ್ಲಾ. ಕೇಜು ಮೇಲಕ್ ಬಂದು ನಿಂತ್ಮೇಲೆ ನಿಮ್ಮಪ್ಪ ಕಿಟಕೀಲಿ ತಲೆ ಆಕಿ ‘ಎಲ್ಲಾರೂ ಬಂದ್ರೇನ್ರಲಾ?’ ಅಂತ ಕೂಗೋನು. ನಾವು ಕೈ ಎತ್ತೋಗಂಟ ಕುರ್ಚಿ ಬಿಟ್ಟು ಏಳ್ತಿರ್ಲಿಲ್ಲ.”

“ಮನೇಲಿ ಒಂದು ಮಾತೂ ಆಡ್ತಿರ್ಲಿಲ್ವಲ್ಲ, ಮಾವ.”

“ಮನೆಗಂಟ ಎಲ್ಲಿ ಉಳೀತದೆ? ಎಲ್ಲಾ ನಮ್ಮುನ್ನ ಬೈಯೋಕೇ ಖರ್ಚಾಗೋದು.”

ನಗಲಿ ಎಂದೇ ಹೇಳಿದೆ. ಅವನು ನಗಲಿಲ್ಲ.

ಭಾನುವಾರ ಮಧ್ಯಾಹ್ನ ಫೈನಲ್ ಪಂದ್ಯ. ನವ್ಯ ಇವನು ಹೇಳಿದಂತೆಯೇ ಗುರಾಣಿಯವನನ್ನು ಹಿಡಿದಳು. ಚಲಪತಿ ಬಿಲ್ಲಿನವಳ ತಂಟೆಗೇ ಹೋಗಲಿಲ್ಲ. ಹೊಗೆಯೊಳಗೆ ಅಡಗಿ ಬಂದು ಇರಿಯುವವನನ್ನು ಆರಿಸಿದ. ನಿಧಾನದ ಗುರಾಣಿಯವನು ಅತ್ತ ತಿರುಗುವಷ್ಟರಲ್ಲಿ ಬೆನ್ನಿಗೆ ಇರಿತ ಬಿತ್ತು. ನಮ್ಮವರು ಸೋತರು.

ಸ್ಪೀಕರಿನಲ್ಲಿ ತಂಡದ ಕರೆ ಇನ್ನೂ ತೆರೆದೇ ಇತ್ತು. ಮುನೀಂದ್ರನ ಬೆರಳು ರೂಢಿಯಂತೆ ಕರೆ ಮುಗಿಸುವ ಗುಂಡಿಗೆ ಹೋಯಿತು. ಆಮೇಲೆ ತಾನೇ ಕೈ ಹಿಂದಕ್ಕೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಎಲ್ಲಾರೂ ಇದೀರಾ?” ಎಂದ. “ಚಲಪತಿಗೆ ಇವತ್ತು ಭಯ ಇರ್ಲಿಲ್ಲ. ನಾನು ಅದನ್ನ ನೋಡ್ಲಿಲ್ಲ.”

ಆ ಕಡೆ ಯಾರೋ ಮೂಗೊರೆಸಿಕೊಂಡರು.

“ನಾಲ್ಕು ಜನ ಇದ್ದೀವಿ,” ಎಂದಳು ನವ್ಯ. “ಮುನಿರಾಜ್ ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಅಳ್ತಿದ್ದಾನೆ. ಬೇರೆಯವರನ್ನ ನೋಡ್ಕೋತೀವಿ ಅಂದಿದ್ದು ಬಿಟ್ಬಿಡಿ. ಅವನು ಆಚೆ ಬರೋವರೆಗೂ ಇರ್ತೀರಾ?”

“ಇರ್ತೀನಿ ಕಣಮ್ಮ.”

ಅವರೆಲ್ಲ ಮುನಿರಾಜನ ಬಾಗಿಲು ಬಡಿಯಲು ಎದ್ದುಹೋದರು. ಆ ಕಡೆ ಖಾಲಿ ಕೋಣೆ, ತಿರುಗುವ ಫ್ಯಾನಿನ ಸದ್ದು. ಟೀ ಕುಡಿಯಲು ಕರೆದೆ, ಮುನೀಂದ್ರ ಏಳಲಿಲ್ಲ. ಹೆಡ್‌ಫೋನು ಸಿಕ್ಕಿಸಿಕೊಂಡು, ಎರಡು ಕೈಯಲ್ಲೂ ಅದನ್ನು ಕಿವಿಗೊತ್ತಿ ಕೂತೇ ಇದ್ದ.