ಕರೆಯಬೇಡ, ಅವಳು ನೋಡುತ್ತಿದ್ದಾಳೆ

ಅಲೆ ಬಂತು. ತ್ರಿಷಾ ಹಿಂದೆ ಸರಿಯಲಿಲ್ಲ. ಪರವಾಗಿಲ್ಲವೇ, ಮಗುವಿಗೆ ಎಷ್ಟು ಧೈರ್ಯ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಕಾಪುವಿನಲ್ಲಿರುವ ನನ್ನ ಗೆಳತಿ ಸುಜಾತಾಳ ಮಗಳು ಈ ತ್ರಿಷಾ. ಏಳು ವರ್ಷ. ಆಟಿಸಂ ಇದೆ. ಮಾತು ಕಡಿಮೆ, ಹೆಸರು ಹಿಡಿದು ಕರೆದರೂ ತಿರುಗುವುದು ಅಪರೂಪ. (ನನ್ನ ಗಂಡನೂ ತಿರುಗುವುದಿಲ್ಲ. ಅದಕ್ಕೆ ಯಾವ ಡಾಕ್ಟರೂ ಹೆಸರಿಟ್ಟಿಲ್ಲ.) ಆದರೆ ಅಲೆಯೆಂದರೆ ಅವಳಿಗೆ ಪ್ರಾಣ. ಅಲೆ ಬಂದರೆ ಕಿಲಕಿಲ ನಗುತ್ತ ಹಿಂದಕ್ಕೆ ಓಡುತ್ತಾಳೆ, ಹೋದರೆ ಬೆನ್ನಟ್ಟುತ್ತಾಳೆ.

ಆ ಭಾನುವಾರದ ಸಂಜೆ ಲೈಟ್‌ಹೌಸಿನ ನೆರಳು ಮರಳಿನ ಮೇಲೆ ಉದ್ದಕ್ಕೆ ಮಲಗಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ. ಅಂಥ ಬೆಳಕಿನಲ್ಲಿ ಯಾರಾದರೂ ಮೈಮರೆಯುತ್ತಾರೆ. ತ್ರಿಷಾಳೂ ನಿಂತಳು. ಕಣ್ಣು ದೂರದಲ್ಲೆಲ್ಲೋ. ತುಟಿ ಮಾತ್ರ ಏನನ್ನೋ ಚಪ್ಪರಿಸುವಂತೆ ಮೆಲ್ಲಗೆ ಆಡುತ್ತಿತ್ತು. ಅಲೆ ಫ್ರಾಕು ತೋಯಿಸಿದರೂ ಅಲುಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಸುಜಾತಾಳ ಅಪ್ಪ ಕೈ ಅಡ್ಡ ಹಿಡಿದರು.

"ಕರೆಯಬೇಡ. ಅವಳು ನೋಡ್ತಾ ಇದ್ದಾಳೆ."

ಅಜ್ಜ ಕೈರಂಪಣಿಯವರು. ಅಂದರೆ ಸಮುದ್ರಕ್ಕೆ ಬಲೆ ಬಿಟ್ಟು ದಡದಿಂದಲೇ ಎಳೆಯುವ ಮೀನುಗಾರರು. ಒಬ್ಬ ದಡದಲ್ಲಿ ನಿಂತು ನೀರಿನ ಬಣ್ಣ ನೋಡುತ್ತಾನೆ. ಎಲ್ಲಿ ಕಪ್ಪಾಯಿತೋ ಅಲ್ಲಿ ಮೀನಿನ ಗುಂಪು. ಆತ ನೋಡುವಾಗ ಯಾರೂ ಮಾತಾಡಿಸುವಂತಿಲ್ಲ, ಅದು ಅವರ ಪದ್ಧತಿ. ಆಯುಷ್ಯವಿಡೀ ಹಾಗೆ ನೋಡಿದವರು ಅಜ್ಜ. ಮೊಮ್ಮಗಳಿಗೆ ತನ್ನ ಕಣ್ಣು ಬಂದಿದೆ ಎಂದು ಕೇರಿಯಿಡೀ ಹೇಳಿಕೊಂಡು ತಿರುಗಿದ್ದರು.

ಎರಡನೆಯ ಅಲೆ ದೊಡ್ಡದಿತ್ತು. ಮಗುವನ್ನು ಕೆಡವಿಯೇಬಿಟ್ಟಿತು. ಸುಜಾತಾ ಓಡಿಹೋಗಿ ಎತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ತ್ರಿಷಾ ಒದ್ದೆ ಫ್ರಾಕನ್ನು ಮುಟ್ಟಿ ನೋಡಿದಳು, ಇದು ಯಾವಾಗ ಆಯಿತು ಎಂಬಂತೆ. ಅಮ್ಮನ ಹೆಗಲಲ್ಲೇ ನಿದ್ದೆ ಹೋದಳು.

"ಮನೆಯಲ್ಲೂ ಹೀಗೆ ಆಗ್ತದೆ. ಊಟದ ಮಧ್ಯೆ ಸ್ತಬ್ಧ ಆಗಿಬಿಡ್ತಾಳೆ. ಆಟಿಸಂ ಅಲ್ವಾ, ಅವಳದ್ದೇ ಲೋಕ ಅಂತ ನಾವೂ ಸುಮ್ಮನಿರ್ತೇವೆ," ಎಂದಳು ಸುಜಾತಾ. ಆದರೆ ಈ ಸಲ ಅವಳು ಸುಮ್ಮನಿರಲಿಲ್ಲ, ಡಾಕ್ಟರಿಗೆ ತೋರಿಸಲು ಹೊರಟಳು.

ಮಣಿಪಾಲದ ಆಸ್ಪತ್ರೆಗೆ ಜೊತೆಯಲ್ಲಿ ನಾನೂ ಹೋದೆ. ಡಾಕ್ಟರಮ್ಮ ಮಗು ಹಾಗೆ ನಿಂತಾಗಿನ ವಿಡಿಯೋ ಇದೆಯೇ ಎಂದು ಕೇಳಿದರು. ಇತ್ತು. 'ಅಜ್ಜನ ಹಾಗೆ ಸಮುದ್ರ ನೋಡುವ ಮೊಮ್ಮಗಳು' ಎಂದು ಹಿಂದೊಮ್ಮೆ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು. (ದುಬೈಯಿಂದಲೂ ಹಾರ್ಟ್ ಬಂದಿತ್ತು.) ಡಾಕ್ಟರಮ್ಮ ಎರಡು ಸಲ ನೋಡಿದರು. ನಗಲಿಲ್ಲ. ಮಗುವನ್ನು ಹೇಗೋ ಪುಸಲಾಯಿಸಿ ತಲೆಗೆ ವಯರು ಅಂಟಿಸಿ ಇಇಜಿ ಮಾಡಿಸಿದರು.

"ಇದು ಮೂರ್ಛೆರೋಗ. ಬಿದ್ದು ಕೈಕಾಲು ಬಡಿದರೆ ಮಾತ್ರ ಮೂರ್ಛೆ ಅಲ್ಲ, ಹೀಗೆ ನಿಂತುಬಿಡುವುದೂ ಆಗಬಹುದು. ಆಟಿಸಂ ಇರುವ ಮಕ್ಕಳಲ್ಲಿ ಬೇರೆ ಮಕ್ಕಳಿಗಿಂತ ಹೆಚ್ಚು ಕಾಣಿಸ್ತದೆ. ಮಾತ್ರೆ ಕೊಡುವ. ನೀರಿನ ಹತ್ತಿರ ಮಾತ್ರ ಒಬ್ಬಳನ್ನೇ ಬಿಡಬೇಡಿ."

ಒಂದು ಹೆಸರು ಸಿಕ್ಕಿದ ಮೇಲೆ ನಾವು ಮಗುವಿನ ಎಲ್ಲವನ್ನೂ ಅದೇ ಬುಟ್ಟಿಗೆ ಹಾಕುತ್ತೇವೆ. ತಿರುಗದಿದ್ದರೆ ಆಟಿಸಂ. ತಿನ್ನದಿದ್ದರೆ ಆಟಿಸಂ. ಬುಟ್ಟಿಯ ತಳದಲ್ಲಿ ಇನ್ನೇನಿದೆ ಎಂದು ಕೈಹಾಕಿ ನೋಡುವವರು ಯಾರು?

ಮನೆಗೆ ಬಂದು ಅಜ್ಜನಿಗೆ ಹೇಳಿದೆವು. ಅವರು ಕೇಳಿದ್ದು ಒಂದೇ, "ಅಂದ್ರೆ, ಅವಳು ಎಂತ ಸಹ ನೋಡ್ತಾ ಇರ್ಲಿಲ್ವಾ?"

ನನಗೆ ಅಳು ಬಂತು. ತನ್ನ ಕಣ್ಣು ಮುಂದಿನವರಿಗೆ ಹೋಯಿತು ಎಂಬ ಆ ಮುದುಕರ ಕನಸನ್ನು ನಾವೇ ಕಸಿದುಕೊಂಡಂತಾಗಿತ್ತು.

ಮೊನ್ನೆ ಮತ್ತೆ ಕಾಪುವಿಗೆ ಹೋಗಿದ್ದೆ. ಮಾತ್ರೆ ಹಿಡಿಯುತ್ತಿದೆ. ಹಾಗೆ ನಿಂತುಬಿಡುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅದೇ ಸಂಜೆ, ಅದೇ ಕರಗಿದ ಬೆಳಕು. ತ್ರಿಷಾ ಅಲೆಯ ಜೊತೆ ಓಡಾಡುತ್ತಿದ್ದಳು. ಅಜ್ಜ ಮೊಣಕಾಲುದ್ದ ನೀರಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದರು. ಕಣ್ಣು ಮಗುವಿನ ಮುಖದ ಮೇಲೆ. ಆಗಾಗ "ತ್ರಿಷಾ, ಓ ತ್ರಿಷಾ" ಎಂದು ಕರೆಯುತ್ತಿದ್ದರು. ಕೆಲವೊಮ್ಮೆ ಅವಳು ತಿರುಗುತ್ತಿದ್ದಳು.

"ಎಂತ ಅಜ್ಜ, ಸಮುದ್ರ ನೋಡುವುದು ಬಿಟ್ಟಿರಾ?" ಎಂದೆ.

ಅವರು ನನ್ನ ಕಡೆಗೂ ತಿರುಗಲಿಲ್ಲ.

"ಸಮುದ್ರ ಇಲ್ಲೇ ಇರ್ತದೆ ಮಾರಾಯ್ತಿ. ಹೋಗಿ ಬರುವವಳು ಇವಳಲ್ವಾ?"