ಬೆನ್ನಿನ ಮೇಲೆ ನಿಲ್ಲದ ಕಪ್

2022ರ ಡಿಸೆಂಬರ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ, ಹೊನ್ನವಳ್ಳಿಯ ನನ್ನ ಚಿಕಿತ್ಸಾ ಕೇಂದ್ರದ ಒಳಕೋಣೆಯಲ್ಲಿ, ಮಂಚದ ಎಡಗಡೆ, ಕಿಟಕಿಗೆ ಬೆನ್ನು ಮಾಡಿ ನಾನು ನಿಂತಿದ್ದೆ. ನಿಂತ ಜಾಗವನ್ನು ಇಷ್ಟು ಸರಿಯಾಗಿ ಹೇಳುವುದಕ್ಕೆ ಕಾರಣವಿದೆ. ಕಿಟಕಿಯ ಬೆಳಕು ನನ್ನ ಹೆಗಲ ಮೇಲಿಂದ ಹಾದು, ಮಂಚದಲ್ಲಿ ಬೋರಲು ಮಲಗಿದ್ದವರ ಬೆನ್ನಿಗೆ ಓರೆಯಾಗಿ ಬೀಳುತ್ತಿತ್ತು. ಆಚೆ ಬದಿಗೆ ನಿಂತಿದ್ದರೆ ನನಗೆ ಅದು ಕಾಣುತ್ತಿತ್ತೋ ಇಲ್ಲವೋ, ಇವತ್ತಿಗೂ ಖಚಿತವಿಲ್ಲ.

ನಾನು ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ವೈದ್ಯ. ಮೊದಲು ತುರುವೇಕೆರೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಹೊನ್ನವಳ್ಳಿಯಲ್ಲಿ ಎರಡು ಕೋಣೆಯ ಕೇಂದ್ರ ತೆರೆದೆ. ನನ್ನಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಕಪ್ಪಿಂಗ್‌ಗೆ ಬರುವವರು. ಬಟ್ಟಲಿನಂಥ ಕಪ್ಪನ್ನು ಚರ್ಮದ ಮೇಲೆ ಕವುಚಿಟ್ಟು, ಸಣ್ಣ ಕೈಪಂಪಿನಿಂದ ಒಳಗಿನ ಗಾಳಿ ಎಳೆದರೆ ಚರ್ಮ ಮೇಲಕ್ಕೆ ಉಬ್ಬಿ ಕಪ್ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಬಿಗಿದ ಮಾಂಸಖಂಡ ಸಡಿಲವಾದಂತೆ ಅನ್ನಿಸುತ್ತದೆ. ಕೆನ್ನೀಲಿ ಬಣ್ಣದ ದುಂಡು ಕಲೆಗಳು ಕೆಲವು ದಿನ ಉಳಿಯುತ್ತವೆ. ಚರ್ಮಕ್ಕೆ ಸಣ್ಣ ಗೀರು ಹಾಕಿ ರಕ್ತ ತೆಗೆಯುವ ಇನ್ನೊಂದು ವಿಧಾನವೂ ಇದೆ. ಅದನ್ನು ನಾನು ಮಾಡುವುದಿಲ್ಲ. ನನ್ನದು ಒಣ ಕಪ್ಪಿಂಗ್ ಮಾತ್ರ, ಅದೂ ಮೈಕೈ ನೋವಿಗೆ ಮಾತ್ರ.

ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆ ಹಿಡಿದುಕೊಂಡರೆ ಹೊಕ್ಕುಳ ಮೇಲೆ ದೀಪವಿಟ್ಟು ಚೊಂಬು ಕವುಚುವುದನ್ನು ಎಲ್ಲರೂ ಮನೆಯಲ್ಲಿ ನೋಡಿಯೇ ಇರುತ್ತಾರೆ. ಹಾಗಾಗಿ ನನ್ನ ಕಪ್ಪುಗಳಿಗೂ ಅವರೇ ಹೆಸರಿಟ್ಟರು: ಬಟ್ಲು ಹಾಕೋದು.

ಅವತ್ತು ಮಂಚದ ಮೇಲೆ ಮಲಗಿದ್ದವರು ಪುಟ್ಟಸ್ವಾಮಿ. ವಯಸ್ಸು ಐವತ್ತರ ಮೇಲೆ. ತೆಂಗಿನಕಾಯಿ ಸುಲಿಯುವ ತಂಡವೊಂದರ ಮೇಸ್ತ್ರಿ. ನಮ್ಮಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಎನ್ನುವಾಗ ಇಳಿಸಿ ಸುಲಿಯುತ್ತಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಕುಕ್ಕಿ, ಸೊಂಟ ತಿರುಗಿಸಿ ಸಿಪ್ಪೆ ಸೀಳುವ ಕೆಲಸ ಅದು. ಆ ಕೆಲಸ ಮಾಡುವವರಿಗೆ ಹೆಗಲು, ಬೆನ್ನು ನೋಯದ ದಿನವಿಲ್ಲ. ಪುಟ್ಟಸ್ವಾಮಿ ಮೂರು ವರ್ಷದಿಂದ ಆಗಾಗ ಬರುತ್ತಿದ್ದರು. ಬಂದಾಗಲೆಲ್ಲ ಕೋಣೆಯಲ್ಲಿ ನಗು ಇರುತ್ತಿತ್ತು.

ಅಂದು ನಗು ಕಡಿಮೆ ಇತ್ತು. ಜೊತೆಗೆ ಹೆಂಡತಿ ಜಯಮ್ಮ, ಆಕೆಯ ತಮ್ಮ ನಾಗರಾಜ ಬಂದಿದ್ದರು. ನಾಗರಾಜನೂ ಅದೇ ತಂಡದಲ್ಲಿ ಸುಲಿಯುವವನು.

"ಎಲ್ಲಿ ನೋವು?" ಎಂದೆ.

"ಎಲ್ರಿಗೂ ಇರೋ ಕಡೇನೇ. ರೆಕ್ಕೆ ಮೂಳೆ ನಡುವೆ ಹಿಡ್ಕಂಡೈತೆ. ನಾಲ್ಕು ಬಟ್ಲು ಹಾಕಿ, ಎದ್ದೋಯ್ತೀನಿ. ಸಾವ್ಕಾರ್ರ ಅಟ್ಟ ಇಳಿಸ್ಬೇಕು."

"ಭಾವಂಗೆ ಮೇಸ್ತ್ರಿ ಆದ್ಮೇಲೆ ಬೆನ್ನು ನೋಯ್ತೈತೆ ಡಾಕ್ಟ್ರೇ," ಎಂದ ನಾಗರಾಜ. "ಸುಲಿಯೋರು ನಾವು, ನೋವು ಅವರ್ದು."

"ಮುಚ್ಕಂಡ್ ನಿಂತ್ಕಳಲಾ," ಎಂದರು ಪುಟ್ಟಸ್ವಾಮಿ. ದನಿ ಎಂದಿನಷ್ಟು ಗಟ್ಟಿ ಇರಲಿಲ್ಲ.

ನನ್ನ ಸಹಾಯಕಿ ಲತಾ ಕಪ್ಪುಗಳ ತಟ್ಟೆ ತಂದಿಟ್ಟರು. ಎಡ ರೆಕ್ಕೆ ಮೂಳೆಯ ಪಕ್ಕದಲ್ಲಿ ನಾನು ಮೊದಲ ಕಪ್ ಇಟ್ಟು ಗಾಳಿ ಎಳೆದೆ. ಅದು ಕಚ್ಚಿಕೊಂಡಿತು. ಎರಡನೆಯದನ್ನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಮೊದಲನೆಯದು ನಿಧಾನವಾಗಿ ಕೆಳಗೆ ಜಾರಿ, ಪಕ್ಕೆಯ ಬಳಿ ಬಿಟ್ಟುಕೊಂಡು ಹಾಸಿಗೆಗೆ ಬಿತ್ತು.

"ಎಣ್ಣೆ ಹಚ್ಕಂಡ್ ಬಂದವ್ರೆ ಸಾರ್," ಎಂದರು ಲತಾ.

ಅದು ಸಹಜವಾದ ಮಾತು. ಕೊಬ್ಬರಿ ಸೀಮೆಯಲ್ಲಿ ಬೆನ್ನು ಮಿಂಚಿದರೆ ಅದು ಎಣ್ಣೆಯೇ. ಗಾಣದಿಂದ ತಂದ ಕೊಬ್ಬರಿ ಎಣ್ಣೆ ಇಲ್ಲದ ಮನೆಯಿಲ್ಲ. ನೋವೆಂದರೆ ಮೊದಲು ಎಣ್ಣೆ ತಿಕ್ಕಿ, ಆಮೇಲೆ ನಮ್ಮಂಥವರ ಬಳಿಗೆ ಬರುತ್ತಾರೆ. ನಾವೂ ಒರೆಸಿ ಮುಂದುವರಿಯುತ್ತೇವೆ. ನಾನು ಟವೆಲ್ ತೆಗೆದುಕೊಂಡು ಬೆನ್ನನ್ನು ಚೆನ್ನಾಗಿ ಒರೆಸಿದೆ. ಕಪ್ ಇಡಲು ಬಗ್ಗಿದಾಗ, ಒರೆಸಿದ ಜಾಗದಲ್ಲೇ ಸಣ್ಣ ಸಣ್ಣ ಹನಿಗಳು ಮತ್ತೆ ಏಳುತ್ತಿದ್ದುದನ್ನು ಆ ಓರೆ ಬೆಳಕಿನಲ್ಲಿ ಕಂಡೆ.

ಎಣ್ಣೆ ಒಳಗಿನಿಂದ ಏಳುವುದಿಲ್ಲ.

ಟವೆಲನ್ನು ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆಯ ವಾಸನೆ ಇರಲಿಲ್ಲ. ಅಂಗೈಯನ್ನು ಬೆನ್ನಿಗಿಟ್ಟೆ. ತಣ್ಣನೆಯ ಬೆವರು. ಹೊರಗೆ ಜನ ಇನ್ನೂ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದ ಬೆಳಗು ಅದು.

ಬಾಗಿಲ ಬಳಿಯಿಂದ ಜಯಮ್ಮ ಹೇಳಿದರು: "ಎಣ್ಣೆನಾ? ಅವರ ಬೆನ್ನಿಗೆ ಹಚ್ಚೋಳೇ ನಾನು ಕಣ್ರೀ. ಇವತ್ತು ಹಚ್ಚಿಲ್ವಲ್ಲ."

ನಾನು ಕಪ್ಪನ್ನು ತಟ್ಟೆಗೆ ಹಾಕಿದೆ. ಪುಟ್ಟಸ್ವಾಮಿಯವರನ್ನು ನಿಧಾನವಾಗಿ ಎಬ್ಬಿಸಿ, ದಿಂಬಿಗೆ ಒರಗಿಸಿ ಕೂರಿಸಿದೆ. ನೋವು ಯಾವಾಗ ಶುರುವಾಯಿತು ಎಂದು ಕೇಳಿದೆ. ಎರಡು ದಿನದಿಂದ ಅಟ್ಟದ ಏಣಿ ಹತ್ತುವಾಗ ಬರುತ್ತಿತ್ತು, ನಿಂತರೆ ಹೋಗುತ್ತಿತ್ತು. ಇವತ್ತು ಬೆಳಿಗ್ಗೆ ಬಂದದ್ದು ಹೋಗಿಲ್ಲ, ಎಡಗೈಯೂ ಜೋಮು ಹಿಡಿದಂತಿದೆ ಎಂದರು. ಸುಲಿಯುವವರ ನೋವಿನ ದಾರಿ ನನಗೆ ಗೊತ್ತು. ಮೈ ತಿರುಗಿಸಿದರೆ, ಒತ್ತಿದರೆ ಅದು ಹೆಚ್ಚುತ್ತದೆ. ಇವರ ಬೆನ್ನನ್ನು ಎಲ್ಲಿ ಒತ್ತಿದರೂ ನೋವು ಹೆಚ್ಚಲೂ ಇಲ್ಲ, ಇಳಿಯಲೂ ಇಲ್ಲ.

"ಇದು ಬೆನ್ನಿನದಲ್ಲ. ಹೃದಯದ್ದು ಅಂತ ನನಗೆ ಅನುಮಾನ. ಈಗಲೇ ತಿಪಟೂರಿಗೆ ಹೋಗಬೇಕು," ಎಂದೆ.

ಪುಟ್ಟಸ್ವಾಮಿಗೆ ಸಿಟ್ಟು ಬಂತು. "ಬಟ್ಲು ಹಾಕಿ ಅಂದ್ರೆ ಹಾರ್ಟು ಅಂತೀರಲ್ಲ. ಕೆಟ್ಟ ರಕ್ತ ಕಟ್ಕಂಡಿರ್ತದೆ. ಒಂದೆರಡು ಗೀರು ಹಾಕಿ ತೆಗೆದುಬುಡಿ, ಸರಿಹೋಯ್ತದೆ."

"ಗೀರು ಹಾಕುವುದಿಲ್ಲ. ಕಪ್ಪೂ ಹಾಕುವುದಿಲ್ಲ."

"ಅಂಗಾರೆ ಅಟ್ಟದ ಕೆಲ್ಸಕ್ಕಾದ್ರೂ ಹೋಯ್ತೀನಿ." ಅವರು ಕಾಲು ಕೆಳಗೆ ಬಿಟ್ಟರು.

ಜಯಮ್ಮ ಒಳಗೆ ಬಂದು, ಗಂಡನ ಅಂಗಿಯನ್ನು ಮೊಳೆಯಿಂದ ತೆಗೆದು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. "ಅಂಗಿಲ್ದೆ ಹೋಗು, ನೋಡಾನ. ಅಟ್ಟದಾಗೆ ಕಾಯಿ ಒಂದು ವರ್ಸ ಕಾದೈತೆ. ಇನ್ನೊಂದು ದಿನ ಕಾಯ್ತದೆ ಬುಡು."

ಅಷ್ಟೇ. ಪುಟ್ಟಸ್ವಾಮಿ ಕಾಲನ್ನು ಮತ್ತೆ ಮಂಚದ ಮೇಲಕ್ಕೆ ಎಳೆದುಕೊಂಡರು.

ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದೆ. ವಾಹನ ಬೇರೆ ಊರಿಗೆ ಹೋಗಿದೆ, ತಡವಾಗುತ್ತದೆ ಎಂದರು. ತಿಪಟೂರಿನ ಆಸ್ಪತ್ರೆಗೆ ಫೋನ್ ಮಾಡಿ, ಕರ್ತವ್ಯದಲ್ಲಿದ್ದ ವೈದ್ಯೆಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಅವರು ಒಂದೆರಡು ಪ್ರಶ್ನೆ ಕೇಳಿ, ಆಸ್ಪಿರಿನ್ ಮಾತ್ರೆ ಅಗಿಸಿ ತಕ್ಷಣ ಕರೆತನ್ನಿ ಎಂದರು. ಎದುರಿನ ಮೆಡಿಕಲ್ ಸ್ಟೋರಿಗೆ ಲತಾ ಓಡಿ, ಮಾತ್ರೆ ತಂದು ಅಗಿಸಿದರು. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಪುಟ್ಟಸ್ವಾಮಿಯವರನ್ನು ಒರಗಿಸಿದೆವು. ಒಂದು ಪಕ್ಕ ಜಯಮ್ಮ, ಮುಂದೆ ನಾಗರಾಜ. ದಾರಿಯುದ್ದಕ್ಕೂ ತೋಟಗಳ ನೆರಳು ರಸ್ತೆಗೆ ಅಡ್ಡ ಬಿದ್ದಿತ್ತು. ಹಿಂದಿನ ಸೀಟಿನಿಂದ ಮಾತು ಬರುತ್ತಿದೆಯೇ ಎಂಬುದೊಂದೇ ನನ್ನ ಗಮನ.

"ಮಾತಾಡ್ಸು ನಾಗರಾಜ," ಎಂದೆ.

ಅವನು ಹಿಂದಕ್ಕೆ ತಿರುಗಿದ. "ಭಾವ, ಸುಲಿಯಾದ್ರಾಗೆ ನಾನೇ ಜೋರು ಕಣ್ ಭಾವ," ಎಂದ.

ನಾನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದೆ. ಆಮೇಲೆ ಹಿಂದಿನಿಂದ, "ನೀನು ಸುಲ್ದ ಕಾಯಾಗೆ ಜುಟ್ಟೇ ಇರಾಕಿಲ್ಲ ಕಣ್ಲಾ," ಎಂದು ಬಂತು. ನಾನು ಉಸಿರು ಬಿಟ್ಟೆ.

ಆಸ್ಪತ್ರೆಯಲ್ಲಿ ಸ್ಟ್ರೆಚರ್ ಬಾಗಿಲಲ್ಲೇ ಇತ್ತು. ಇಸಿಜಿ ತೆಗೆದರು. ವೈದ್ಯೆ ಕಾಗದವನ್ನು ಒಮ್ಮೆ ನೋಡಿ ನನಗೂ ತೋರಿಸಿದರು. ಸಮವಾಗಿ ಓಡಬೇಕಾದ ಗೆರೆ ಗೋಪುರದಂತೆ ಎದ್ದಿತ್ತು. ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದು ಕಟ್ಟಿಕೊಂಡಿದೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೂಡಲೇ ಕೊಡಬೇಕು ಎಂದರು. ನರ್ಸ್ ಸಿದ್ಧ ಮಾಡುತ್ತಿದ್ದಾಗ ವೈದ್ಯೆ ಸ್ಟೆತಸ್ಕೋಪ್ ಇಡಲು ಅವರನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿದರು. ಎಡ ರೆಕ್ಕೆ ಮೂಳೆಯ ಪಕ್ಕದ ಕೆಂಪು ದುಂಡು ಗುರುತನ್ನು ಕಂಡು ಅವರ ಕೈ ನಿಂತಿತು.

"ಇದೇನು?"

"ಕಪ್ಪಿಂಗ್ ಗುರುತು."

"ಗೀರು ಹಾಕಿದ್ದೀರಾ? ಈ ಇಂಜೆಕ್ಷನ್ ಕೊಟ್ಟರೆ ಮೈಮೇಲಿನ ಯಾವ ಗಾಯದಲ್ಲೂ ರಕ್ತ ನಿಲ್ಲುವುದು ಕಷ್ಟ."

"ಇಲ್ಲ. ಒಣ ಕಪ್. ಒಂದೇ ಒಂದು. ಅದೂ ನಿಲ್ಲಲಿಲ್ಲ. ನಾನೇ ಇಟ್ಟಿದ್ದು."

ಅವರು ಬೆಳಕು ಹಿಡಿದು ಚರ್ಮವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು. ನರ್ಸ್ ಕಡೆ ತಲೆಯಾಡಿಸಿದರು. ಇಂಜೆಕ್ಷನ್ ಹೋಯಿತು.

ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ಜಯಮ್ಮ ಗಂಡನ ಅಂಗಿಯನ್ನು ಇನ್ನೂ ಕಂಕುಳಲ್ಲೇ ಹಿಡಿದಿದ್ದರು. ಎಷ್ಟೋ ಹೊತ್ತಿನ ಮೇಲೆ ವೈದ್ಯೆ ಎರಡನೇ ಇಸಿಜಿ ಕಾಗದ ಹಿಡಿದು ಹೊರಗೆ ಬಂದರು. ಗೋಪುರ ಇಳಿದಿತ್ತು.

"ನೋವು ಹೋಗಿದೆಯಂತೆ. ಅಟ್ಟ ಯಾರು ಇಳಿಸ್ತಾವ್ರೆ ಅಂತ ಕೇಳ್ತಿದ್ದಾರೆ. ಅಟ್ಟ ಅಂದರೆ ಏನು?" ಎಂದರು. ಅವರು ಈ ಸೀಮೆಯವರಲ್ಲ. ಜಯಮ್ಮ ಅಂಗಿಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ, ಭುಜ ಕುಲುಕಿದ ರೀತಿ ನೋಡಿದರೆ ನಗುತ್ತಿದ್ದರು.

ಅದೇ ದಿನ ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾಳದೊಳಗೆ ಸ್ಟೆಂಟ್ ಕೂತಿತು. ಬೇಸಿಗೆ ಕಳೆಯುವ ಹೊತ್ತಿಗೆ ಪುಟ್ಟಸ್ವಾಮಿ ನನ್ನ ಕೇಂದ್ರಕ್ಕೆ ನಡೆದು ಬಂದರು. ಬಂದವರೇ ಅಂಗಿ ಬಿಚ್ಚಿ, ಬೆನ್ನನ್ನು ಕಿಟಕಿಗೆ ತಿರುಗಿಸಿ ನಿಂತರು. ಬೆನ್ನು ಫಳಫಳ ಹೊಳೆಯುತ್ತಿತ್ತು.

"ಇದು ಎಣ್ಣೆನೇ ಕಣ್ರೀ. ಬೇಕಾರೆ ಮೂಸಿ ನೋಡ್ಕಳಿ," ಎಂದರು.

ಲತಾ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ನಿಜವಾಗಿಯೂ ಮೂಸಿದೆ. ಘಮಘಮ ಕೊಬ್ಬರಿ.

ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿರುವುದರಿಂದ ಅವರಿಗೆ ನಾನು ಈಗ ಕಪ್ ಹಾಕುವುದಿಲ್ಲ. ಉಸಿರಾಟದ ಅಭ್ಯಾಸ ಹೇಳಿಕೊಡುತ್ತೇನೆ. ಅವರು ಅಟ್ಟ ಹತ್ತುವುದಿಲ್ಲ. ಕೆಳಗೆ ಕುರ್ಚಿ ಹಾಕಿಕೊಂಡು ಸುಲಿಯುವವರನ್ನು ಬೈಯುತ್ತಾರೆ. ನನ್ನ ಕೆಲಸ ಮೊದಲಿನಂತೆಯೇ ಇದೆ, ಒಂದು ಬದಲಾವಣೆಯ ಹೊರತು. ಯಾರೇ ಬರಲಿ, ಎಷ್ಟೇ ಪರಿಚಿತರಾಗಿರಲಿ, ಮೊದಲು ಬೆನ್ನು ಒರೆಸಿ ಕೈಕಟ್ಟಿ ನಿಂತು ಸ್ವಲ್ಪ ಹೊತ್ತು ನೋಡುತ್ತೇನೆ. ದಿನಾ ಕಾಣುವುದನ್ನೇ ಇವತ್ತೂ ಕಾಣುತ್ತಿದ್ದೇನೆ ಎಂದು ನಂಬಿಬಿಡಬಾರದು. ವೃತ್ತಿ ನನಗೆ ಕಲಿಸಿದ್ದು ಇದು. ಕಪ್ ಹಾಕುವುದನ್ನು ಯಾರು ಬೇಕಾದರೂ ಕಲಿಯಬಹುದು. ಹಾಕದೆ ಕೆಳಗಿಡಬೇಕಾದ ದಿನವೂ ಒಂದು ಬರುತ್ತದೆ.

ಇದನ್ನು ಕಂಡವರು ಲತಾ. ಈಗಲೂ ನನ್ನ ಕೇಂದ್ರದಲ್ಲೇ ಇದ್ದಾರೆ. ಕಂಡವನು ನಾಗರಾಜ; ಈಗ ತಂಡವನ್ನು ಅಟ್ಟ ಹತ್ತಿಸುವವನು ಅವನೇ. ಕಂಡವರು ಜಯಮ್ಮ, ಹೊನ್ನವಳ್ಳಿಯಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಕಪ್ ಜಾರಿ ಬಿದ್ದಾಗ ಬೋರಲು ಮಲಗಿದ್ದ ಪುಟ್ಟಸ್ವಾಮಿಗೆ ಮಾತ್ರ ಏನೂ ಕಂಡಿರಲಿಲ್ಲ. ಆದರೂ ನಮ್ಮೆಲ್ಲರಿಗಿಂತ ಚೆನ್ನಾಗಿ ಈ ಕಥೆ ಹೇಳುವವರು ಅವರೇ. ಇದ್ದಾರೆ, ಕೇಳಿ ನೋಡಿ.