ಆಳು ಒಳಗಿದ್ದಾನೆ

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಶಾಲೆಯಲ್ಲಿ ನಾನು ಬರೆದ ಹಸುವನ್ನು ಮೇಷ್ಟ್ರು ಮಂಚವೆಂದು ತಿಳಿದು ಹತ್ತಕ್ಕೆ ಆರು ಕೊಟ್ಟಿದ್ದರು. ಆದರೂ ಹೊಟ್ಟೆಪಾಡಿಗೆ ನಾನು ಮಾಡುವುದು ಚಿತ್ರ ಬರೆಯುವ ಕೆಲಸವನ್ನೇ. ಊರಿಗೆ ನೀರು ಕೊಡುವ ಪಂಪ್‌ಹೌಸುಗಳಲ್ಲಿ ಒಂದು ಕಂಪ್ಯೂಟರ್ ಪರದೆ ಇರುತ್ತದೆ. ಅದರ ಮೇಲೆ ಪಂಪು, ಪೈಪು, ಟ್ಯಾಂಕುಗಳ ಚಿತ್ರ. ಪಂಪು ಓಡಿದರೆ ಹಸಿರು, ನಿಂತರೆ ಕೆಂಪು. ಆಪರೇಟರ್ ಅದನ್ನು ನೋಡಿಯೇ ಗುಂಡಿ ಒತ್ತುತ್ತಾನೆ. ಚಿತ್ರದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅವನ್ನೆಲ್ಲ ಬರೆಯುವವಳು ನಾನು.

ಈ ಕಸುಬಿನ ಸುಖವೆಂದರೆ ಪಂಪನ್ನು ಒಂದೇ ಸಲ ಬರೆದರೆ ಸಾಕು. ಅದು ಮೂಲಚಿತ್ರ. ಬೇಕಾದಲ್ಲೆಲ್ಲ ಅದರ ನಕಲು ಅಂಟಿಸುತ್ತ ಹೋಗಬಹುದು. ಮೂಲದಲ್ಲಿ ಒಂದು ಗೆರೆ ತಿದ್ದಿದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಕಲುಗಳೆಲ್ಲ ತಾವೇ ತಿದ್ದಿಕೊಳ್ಳುತ್ತವೆ. ಸೋಮಾರಿಗಳಿಗೆಂದೇ ದೇವರು ಕೊಟ್ಟ ವರ ಇದು. ಹಿಂದಿನ ಕಲ್ಲುಕುಟಿಗರಿಗೂ ಈ ಗುಟ್ಟು ಗೊತ್ತಿದ್ದಿರಬೇಕು. ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿ, ಯಾವ ಊರಿನ ವೀರನಿಗಾದರೂ ಅದೇ ಕತ್ತಿ, ಅದೇ ನಿಲುವು, ಮೇಲಕ್ಕೆ ಕರೆದೊಯ್ಯಲು ಅದೇ ಅಪ್ಸರೆಯರು. ಸತ್ತವನ ಮನೆಯವರು ಮಾತ್ರ ಇವನು ನಮ್ಮವನೇ ಎಂದು ಕೈ ಮುಗಿದಿರುತ್ತಾರೆ.

ನನ್ನ ಮೂಲಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಇದ್ದಾನೆ. ಪಂಪಿನ ಬಾಯಿಗೆ ಸಿಕ್ಕ ಕಸ ತೆಗೆಯಲು ಆಗಾಗ ಅದು ನೀರೆಳೆಯುವ ಬಾವಿಗೆ ಆಳು ಇಳಿಯಬೇಕಾಗುತ್ತದೆ. ಆಗ ಪಂಪು ಶುರುವಾದರೆ ಅವನ ಕಥೆ ಮುಗಿದಂತೆ. ಅದಕ್ಕೇ ಇಳಿಯುವವನು ಬಾವಿಯ ಬಾಗಿಲಲ್ಲಿ ಒಂದು ಕೀಲಿ ತಿರುಗಿಸಿ, ಅದನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ಪರದೆಯ ಬಾವಿಯಲ್ಲಿ ಒಬ್ಬ ಮನುಷ್ಯ ಮೂಡುತ್ತಾನೆ. ಅವನು ಅಲ್ಲಿರುವ ತನಕ ಗುಂಡಿ ಒತ್ತಿದರೂ ಪಂಪು ಓಡುವುದಿಲ್ಲ. ಅವನನ್ನು ಬರೆಯುವಾಗ ನನ್ನೆದುರು ಕೂತಿದ್ದವರು ಬಬ್ಬೂರಿನ ಫಿಟ್ಟರ್ ರುದ್ರಣ್ಣ. ಎಡಕ್ಕೆ ವಾಲುವ ಭುಜ, ಅದರ ಮೇಲೊಂದು ಟವಲು. ನಾನು ಬರೆದದ್ದು ಬರೆಸಿಕೊಂಡವರ ಹಾಗೇ ಕಂಡದ್ದು ಜೀವನದಲ್ಲಿ ಅದೊಂದೇ ಸಲ. ಹೋದ ವರ್ಷ ರುದ್ರಣ್ಣ ಕಾಯಿಲೆಯಿಂದ ತೀರಿಕೊಂಡರು. ಪರದೆಯಲ್ಲಿರುವ ರುದ್ರಣ್ಣನನ್ನು ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ.

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹೊಳಲ್ಕೆರೆ ಕಡೆಯ ಪಂಪ್‌ಹೌಸಿನಿಂದ ಆಪರೇಟರ್ ಮೆಹಬೂಬ್ ಸಾಬರ ಫೋನು ಬಂತು. "ಮೇಡಮ್ಮಾ, ಬಾವಿಯಾಗೆ ರುದ್ರಣ್ಣ ನಿಂತವ್ನೆ. ಕೀಲಿ ಮೊಳೆಗೇ ನೇತಾಡ್ತೈತೆ, ಯಾರೂ ಇಳಿದಿಲ್ಲ. ಜಲ್ದಿ ಬರ್ರಿ."

ಹೋದೆ. ಹೊರಗೆ ಬಿಸಿಲು ಚೆನ್ನಾಗಿ ಏರಿತ್ತು. ಪಂಪು ನಿಂತ ಆ ಕಟ್ಟಡದೊಳಗೆ ಮಾತ್ರ ತಣ್ಣಗಿನ ಮೌನ. ಪರದೆಯಲ್ಲಿ, ಬಾವಿಯ ತಳದಲ್ಲಿ, ಎಡಕ್ಕೆ ವಾಲಿಕೊಂಡು ರುದ್ರಣ್ಣ ನಿಂತಿದ್ದರು. ಕಾರಣ ನನಗೆ ಗೊತ್ತಿತ್ತು. ಬಾವಿಯಿಂದ ಸುದ್ದಿ ತರುವ ವೈರು ಎಲ್ಲೋ ತುಂಡಾಗಿದೆ. ಸುದ್ದಿಯೇ ಬರದಿದ್ದರೆ ಒಳಗೆ ಆಳಿದ್ದಾನೆಂದೇ ತೋರಿಸು ಎಂದು ಮೂಲಚಿತ್ರಕ್ಕೆ ಹೇಳಿಟ್ಟವಳು ನಾನೇ. ಗೊತ್ತಿದ್ದರೂ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ.

ಊರಿಗೆ ಬೆಳಗಿನಿಂದ ನೀರಿಲ್ಲ. ಊರೊಳಗಿನ ಆಫೀಸಿನಲ್ಲಿ ಇದೇ ಪರದೆ, ಇದೇ ಗುಂಡಿ ಮುಂದಿಟ್ಟುಕೊಂಡು ಕೂತಿದ್ದ ಎಂಜಿನಿಯರು ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡುತ್ತಿದ್ದರು. ವೈರು ಹುಡುಕುತ್ತ ಕೂರುವ ತಾಳ್ಮೆ ನನಗಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಮೂಲಚಿತ್ರವನ್ನೇ ತಿದ್ದಿದೆ: ಸುದ್ದಿ ಬರದಿದ್ದರೆ ಯಾರನ್ನೂ ತೋರಿಸಬೇಡ. ರುದ್ರಣ್ಣ ಮಾಯವಾದರು.

ಸಾಬರಿಗೆ ಸಮಾಧಾನವಾಗಲಿಲ್ಲ. "ನೀವು ಅಳಿಸಿದ್ರಿ, ಸರಿ. ನಾ ಕಣ್ಣಾರೆ ಕಂಡೀನಲ್ಲ. ಒಂದ್ಸಲ ಇಳಿದು ನೋಡಿ ಬರ್ತೀನಿ, ಆಮೇಲೆ ಶುರು ಮಾಡಾಣ."

"ಒಳಗೆ ಯಾರಿರ್ತಾರೆ ಸಾಬ್ರೇ?" ಎಂದು ನಕ್ಕೆ.

"ಇಲ್ದಿದ್ರೆ ಒಳ್ಳೇದೇ ಆತಲ್ಲ," ಎಂದು ಅವರು ಕೀಲಿ ತಿರುಗಿಸಿ ಜೇಬಿಗಿಳಿಸಿ ಏಣಿ ಇಳಿದರು.

ನಾನು ಪರದೆ ನೋಡುತ್ತ ಕೂತೆ. ಬಾವಿ ಖಾಲಿ. ಕೆಳಗಿನಿಂದ ಸಾಬರ ಕೆಮ್ಮು ಕೇಳಿಸಿತು. ಪರದೆಯ ಬಾವಿ ಆಗಲೂ ಖಾಲಿ. ಅವರು ಕೀಲಿ ತಿರುಗಿಸಿದ ಸುದ್ದಿಯೂ ಅದೇ ತುಂಡಾದ ವೈರಿನಲ್ಲಿ ಬರಬೇಕಿತ್ತಲ್ಲ ಎಂದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎಂಜಿನಿಯರು.

"ಮೇಡಂ, ಆಳು ಹೋದ ನೋಡ್ರಿ. ಸ್ಟಾರ್ಟ್ ಮಾಡ್ಲಾ?"

"ಬ್ಯಾಡ್ರಿ! ಒಳಗೆ ಸಾಬ್ರು ಅವ್ರೆ!"

"ಎಲ್ಲಿ? ನಂಗೆ ಯಾರೂ ಕಾಣ್ತಿಲ್ವಲ್ಲ."

"ಗುಂಡಿಯಿಂದ ಕೈ ತೆಗೀರಿ!" ಎಂದು ಕಿರುಚಿ, ಫೋನು ಬಿಸಾಕಿ, ಓಡಿಹೋಗಿ ಪಂಪಿನ ಮೇನ್ ಸ್ವಿಚ್ಚು ಎಳೆದೆ. ನಾನು ತಿದ್ದಿದ್ದು ಮೂಲವನ್ನಲ್ಲವೇ? ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ, ಇನ್ನೆಷ್ಟು ಬಾವಿಗಳಲ್ಲಿ ಎಷ್ಟು ಜನರನ್ನು ಕಾಣದಂತೆ ಮಾಡಲು ನಾನು ಏರ್ಪಾಟು ಮಾಡಿಟ್ಟಿದ್ದೆನೋ.

ಸಾಬರು ಮೇಲೆ ಬಂದರು. ಒಳಗೆ ಯಾರೂ ಇರಲಿಲ್ಲವಂತೆ. ಕೈ ಒರೆಸಿಕೊಳ್ಳುತ್ತ, ತಮ್ಮ ಫೋಟೊ ಹೇಗೆ ಬಂದಿದೆ ಎಂದು ಕೇಳುವವರ ಆಸೆಯಲ್ಲಿ ಕೇಳಿದರು: "ನಾ ಒಳಗಿದ್ದಾಗ ಇದ್ರಾಗೆ ಹೆಂಗ್ ಕಾಣ್ತಿದ್ದೆ ಮೇಡಮ್ಮಾ?"

ಸುಳ್ಳು ಹೇಳಿ ಪಾರಾಗಬಹುದಿತ್ತು. "ನೀವು ಕಾಣ್ಲೇ ಇಲ್ಲ ಸಾಬ್ರೇ," ಎಂದೆ.

ಅವರು ಪರದೆಯ ಆ ಖಾಲಿ ಬಾವಿಯತ್ತ ಬಗ್ಗಿ ನೋಡಿದರು. ಆಮೇಲೆ ಕೀಲಿಯನ್ನು ಮೇಜಿನ ಮೇಲಿಟ್ಟು, "ಆ ಯಪ್ಪನ್ನ ವಾಪಸ್ ಕರೀರಿ," ಎಂದರು.

ಮೂಲಚಿತ್ರವನ್ನು ಮೊದಲಿನಂತೆ ತಿದ್ದಿ ರುದ್ರಣ್ಣನನ್ನು ಕರೆದೆ. ಮಧ್ಯಾಹ್ನದ ಹೊತ್ತಿಗೆ ಇಲಿ ಕಡಿದ ವೈರೂ ಸಿಕ್ಕಿತು, ಊರಿಗೆ ನೀರೂ ಹೋಯಿತು. ಈಗಲೂ ಎಲ್ಲಾದರೂ ವೈರು ತುಂಡಾದರೆ ಅಲ್ಲಿ ರುದ್ರಣ್ಣ ಬಂದು ನಿಲ್ಲುತ್ತಾರೆ, ದೆವ್ವ ಬಂದೈತೆ ಎಂದು ನನಗೆ ಫೋನು ಬರುತ್ತದೆ. ಮೇನ್ ಆಫ್ ಮಾಡಿ ಇಳಿದು ನೋಡ್ರಿ ಎನ್ನುತ್ತೇನೆ. ಇಲ್ಲದವರು ಕಂಡರೆ ನನಗೀಗ ಭಯವಿಲ್ಲ. ಯಾವ ಬಾವಿಯಲ್ಲೂ ಯಾರೂ ಕಾಣದ ದಿನ ಮಾತ್ರ ಒಂದೊಂದೇ ಊರಿಗೆ ಫೋನು ಮಾಡಿ, ಎಲ್ಲರೂ ಮೇಲಿದ್ದೀರಾ ಎಂದು ಕೇಳುತ್ತೇನೆ.